ಮೈಸೂರಿನಲ್ಲಿ ಪರರಾಷ್ಟ್ರ ವಿಚಾರ

ಕಾಲೇಜಿನ ತರುಣರನ್ನೂ, ವಿದ್ಯಾರ್ಥಿವೇತನ ಪಡೆದು ಹೊರದೇಶಗಳಲ್ಲಿ ಓದಿ ಬಂದ ವಿದ್ವಾಂಸರನ್ನೂ ಒಂದೆಡೆ ಕುಳ್ಳಿರಿಸಿ, ಪ್ರಪಂಚವನ್ನೆಲ್ಲ ಕಾಡುವ ಸಮಸ್ಯೆಗಳನ್ನೂ ಅವುಗಳ ನಡುವೆ ಭಾರತವು ಹಿಡಿಯಬೇಕಾದ ಪರರಾಷ್ಟ್ರ ನೀತಿಯನ್ನೂ ಕುರಿತು ಚರ್ಚಿಸುವ ವಿಚಾರಗೋಷ್ಠಿಗಳು ಈಗ ವಿದ್ಯಾಕೇಂದ್ರಗಳಲ್ಲಿ ಸಾಮಾನ್ಯವಾಗಿವೆ. ಅವುಗಳನ್ನು ಕಂಡು ಕೆಲವರು ಹಿರಿಯರು ತಲೆದೂಗುವರು. ಮತ್ತೆ ಕೆಲವರು ನಗುವರು. ನಗುವವರ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಯುದ್ಧವನ್ನೂ ಸಂಧಿಯನ್ನೂ ನಿರ್ಣಯಿಸತಕ್ಕವರು ದೆಹಲಿಯಲ್ಲಿರುವರು. ರಾಯಭಾರಿಗಳ ನಿವಾಸವೊಂದೂ ಇಲ್ಲದ ಮೈಸೂರಿನಂತಹ ನಗರದಲ್ಲಿ ಇಪ್ಪತ್ತು ವರ್ಷದ ಹುಡುಗರು ಚೀನದ ಗಡಿಯನ್ನೂ ಉಕ್ರೇನಿನ ಯುದ್ಧವನ್ನೂ ಹವಾಮಾನದ ಬದಲಾವಣೆಯನ್ನೂ ಕುರಿತು ವಾದಿಸಿದರೆ ಯಾರಿಗೆ ಏನು ಲಾಭ? ಅಧಿಕಾರವಿಲ್ಲದವನ ಆಲೋಚನೆಯು ಬರಿಯ ಕಾಲಹರಣವಲ್ಲವೆ? ಈ ಪ್ರಶ್ನೆಗೆ ಉತ್ತರವನ್ನು ತರ್ಕದಲ್ಲಿ ಹುಡುಕುವುದಕ್ಕಿಂತ ಮೈಸೂರಿನ ಚರಿತ್ರೆಯಲ್ಲಿ ಹುಡುಕುವುದು ಲೇಸು. ಏಕೆಂದರೆ ಪರರಾಷ್ಟ್ರಗಳೊಡನೆ ವ್ಯವಹರಿಸುವ ಅಧಿಕಾರವನ್ನು ಸಂಪೂರ್ಣವಾಗಿ ಕಳೆದುಕೊಂಡಿದ್ದ ಕಾಲದಲ್ಲಿಯೇ ಈ ನಗರವು ಪ್ರಪಂಚದ ವಿಚಾರವನ್ನು ಅತ್ಯಂತ ಶ್ರದ್ಧೆಯಿಂದ ಮಾಡಿತು.

ಆ ಅಧಿಕಾರವು ಒಂದು ಕಾಲದಲ್ಲಿ ಇದ್ದೇ ಇತ್ತು. ಟಿಪ್ಪು ಸುಲ್ತಾನನು ೧೭೮೬ರಲ್ಲಿ ಕಾನ್‌ಸ್ಟಾಂಟಿನೋಪಲ್ಲಿಗೆ ರಾಯಭಾರವನ್ನು ಕಳುಹಿಸಿದನು; ಮರುವರ್ಷ ಹೊರಟ ಇನ್ನೊಂದು ರಾಯಭಾರವನ್ನು ೧೭೮೮ರಲ್ಲಿ ಫ್ರಾನ್ಸಿನ ಹದಿನಾರನೆಯ ಲೂಯಿ ದೊರೆಯು ವರ್ಸೇಲ್ಸಿನಲ್ಲಿ ಬರಮಾಡಿಕೊಂಡನು. ಈ ಪ್ರಯತ್ನಗಳಿಂದ ಸುಲ್ತಾನನು ಬಯಸಿದ ಸೈನ್ಯಸಹಾಯವು ದೊರೆಯಲಿಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಿತು. ಅದೇ ವರ್ಷ ಐದು ವರ್ಷದ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಸಿಂಹಾಸನವು ದೊರೆಯಿತು. ಆದರೆ ಜುಲೈ ೮ರ ಒಡಂಬಡಿಕೆಯಿಂದ ವರ್ಷಕ್ಕೆ ೭ ಲಕ್ಷ ವರಾಹಗಳ ಪೊಗದಿಯೊಡನೆ ಇನ್ನೊಂದು ನಿರ್ಬಂಧವೂ ಬಂದಿತು. ಕಂಪೆನಿಯವರಿಗೆ ಮುಂದಾಗಿ ತಿಳಿಸಿ ಅವರ ಒಪ್ಪಿಗೆ ಪಡೆಯದೆ ಯಾವ ಪರರಾಜ್ಯದೊಡನೆಯೂ ಮೈಸೂರು ಪತ್ರವ್ಯವಹಾರ ಮಾಡಕೂಡದು ಎಂಬುದೇ ಆ ನಿರ್ಬಂಧ. ಐವತ್ತು ವರ್ಷಗಳ ಕಮಿಷನರುಗಳ ಆಳ್ವಿಕೆಯ ತರುವಾಯ ೧೮೮೧ರ ಮಾರ್ಚ್ ೨೫ರಂದು ರಾಜ್ಯವು ಒಡೆಯರ ವಂಶಕ್ಕೆ ಮರಳಿ ಬಂದಿತಾದರೂ ಈ ನಿರ್ಬಂಧವು ಸಡಿಲವಾಗಲಿಲ್ಲ. ಅರಮನೆಯುಂಟು, ದಿವಾನರುಂಟು, ಪ್ರಜಾಪ್ರತಿನಿಧಿ ಸಭೆಯುಂಟು. ಹೊರಗಿನ ಲೋಕದೊಡನೆ ಮಾತನಾಡುವ ಬಾಯಿ ಮಾತ್ರ ಇಲ್ಲ. ಅಂದಿನ ಮೈಸೂರಿನ ಸ್ಥಿತಿಯು ಹೀಗಿತ್ತು.

ಇಂತಹ ಮೈಸೂರಿಗೆ, ಪರರಾಷ್ಟ್ರ ನೀತಿಯನ್ನು ಕುರಿತು ಭಾರತದಲ್ಲಿ ಹುಟ್ಟಿದ ಅತ್ಯಂತ ಪ್ರೌಢವಾದ ಗ್ರಂಥವು ಬಂದು ಸೇರಿದುದು ವಿಧಿಯ ವಿಲಾಸವೆನ್ನಬೇಕು. ೧೯೦೫ರಲ್ಲಿ ತಂಜಾವೂರಿನ ಕಡೆಯ ಪಂಡಿತರೊಬ್ಬರು ಇಲ್ಲಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಗ್ರಂಥಲಿಪಿಯ ತಾಳೆಯೋಲೆಯ ಕಟ್ಟೊಂದನ್ನು ಒಪ್ಪಿಸಿದರು. ಭಂಡಾರದಲ್ಲಿದ್ದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು ಅದನ್ನು ಓದಿ, ಕಾಣೆಯಾಯಿತೆಂದು ವಿದ್ವಾಂಸರು ಕೈಬಿಟ್ಟಿದ್ದ ಕೌಟಿಲ್ಯನ ಅರ್ಥಶಾಸ್ತ್ರವೇ ಇದೆಂದು ಕಂಡುಕೊಂಡರು. ಮೂಲವು ೧೯೦೯ರಲ್ಲಿಯೂ ಇಂಗ್ಲಿಷ್ ಅನುವಾದವು ೧೯೧೫ರಲ್ಲಿಯೂ ಪ್ರಕಟವಾದುವು. ಹದಿನೈದು ಅಧಿಕರಣಗಳ ಆ ಗ್ರಂಥದಲ್ಲಿ ಆರನೆಯದು ಅರಿ, ಮಿತ್ರ, ಮಧ್ಯಮ, ಉದಾಸೀನ ಮೊದಲಾದವರಿಂದ ಕೂಡಿದ ದ್ವಾದಶ ರಾಜಮಂಡಲವನ್ನು ವಿವರಿಸುವುದು. ಏಳನೆಯದು ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವಗಳೆಂಬ ಷಾಡ್ಗುಣ್ಯವನ್ನು ಬೋಧಿಸುವುದು. ಪಾಠಶಾಲೆಗಳಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡುವ ಬಾಲಕರಿಗೆ ಈ ಆರು ಹೆಸರುಗಳು ಬಹುಕಾಲದಿಂದ ಬರುತ್ತಿದ್ದುವು. ಆದರೆ ಅವು ಬರಿಯ ಹೆಸರುಗಳಲ್ಲ, ರಾಜ್ಯವೊಂದು ಪ್ರತಿದಿನವೂ ತೂಗಿ ನೋಡಬೇಕಾದ ಆರು ದಾರಿಗಳು ಎಂಬ ಅರಿವು ಲೋಕಕ್ಕೆ ಮತ್ತೆ ಉಂಟಾದುದು ಮೈಸೂರಿನಿಂದ. ಪರರಾಜ್ಯಕ್ಕೆ ಒಂದು ಕಾಗದವನ್ನೂ ಬರೆಯಕೂಡದೆಂದು ಕಟ್ಟುಬಿದ್ದ ರಾಜ್ಯವೊಂದು, ಪರರಾಜ್ಯಗಳೊಡನೆ ಹೇಗೆ ವರ್ತಿಸಬೇಕೆಂಬುದನ್ನು ಲೋಕಕ್ಕೆ ತಿಳಿಸುವ ಪುಸ್ತಕವನ್ನು ಅಚ್ಚುಮಾಡಿಸಿತು!

ಶಾಸ್ತ್ರದಲ್ಲಿ ಮಾತ್ರವಲ್ಲ, ಅನುಭವದಲ್ಲಿಯೂ ಮೈಸೂರಿಗೆ ಈ ವಿದ್ಯೆಯ ಪರಿಚಯವು ಬೇರೊಂದು ಬಾಗಿಲಿನಿಂದ ಆಯಿತು. ಅದು ಕಾವೇರಿಯ ಬಾಗಿಲು. ೧೮೯೨ರ ಒಪ್ಪಂದದಂತೆ ನದಿಗೆ ಹೊಸ ಕಟ್ಟೆಯನ್ನು ಕಟ್ಟಲು ಮದ್ರಾಸಿನ ಸಮ್ಮತಿಯು ಬೇಕಾಗಿತ್ತು. ೧೯೧೧ರಲ್ಲಿ ಕನ್ನಂಬಾಡಿಯ ಕೆಲಸವು ಮೊದಲಾದಾಗ ವಿವಾದವು ಬಲಿಯಿತು. ೧೯೧೪ರಲ್ಲಿ ಮಧ್ಯಸ್ಥರಾದ ನ್ಯಾಯಮೂರ್ತಿ ಗ್ರಿಫಿನ್ನರ ತೀರ್ಪು ಬಂದಿತು; ಅದರ ಮೇಲೆ ಮದ್ರಾಸಿನ ದೂರು ಲಂಡನ್ನಿನ ಭಾರತಮಂತ್ರಿಯವರೆಗೂ ಹೋಯಿತು; ಕಡೆಗೆ ೧೯೨೪ರ ಫೆಬ್ರವರಿ ೧೮ರಂದು ಎರಡು ಸರ್ಕಾರಗಳೂ ಹೊಸ ಒಪ್ಪಂದಕ್ಕೆ ಸಹಿ ಮಾಡಿದುವು. ದೊರೆತನದ ಮರ್ಯಾದೆಯಿದ್ದರೂ ಬಲದಲ್ಲಿ ಕಡಿಮೆಯಾದ ಒಂದು ರಾಜ್ಯವು, ಅಳತೆಯ ಲೆಕ್ಕಗಳನ್ನೂ ಹಳೆಯ ದಾಖಲೆಗಳನ್ನೂ ಮುಂದಿಟ್ಟು ಹತ್ತು ವರ್ಷಗಳಿಗೂ ಮೀರಿ ತಾಳ್ಮೆಯಿಂದ ವಾದಿಸಿ, ಒಂದಿಷ್ಟು ಬಿಟ್ಟು ಒಂದಿಷ್ಟು ಪಡೆದ ಈ ಪ್ರಸಂಗವು ಸಂಧಿಗುಣಕ್ಕೆ ಉತ್ತಮ ನಿದರ್ಶನವಾಗಿದೆ. ನದೀಜಲವನ್ನು ಹಂಚಿಕೊಳ್ಳುವುದು ಇಂದು ಖಂಡಖಂಡಗಳ ಸಮಸ್ಯೆ. ಅದರ ಮೊದಲ ಪಾಠವು ಮೈಸೂರಿನ ವಿದ್ಯಾರ್ಥಿಗೆ ಹತ್ತು ಹನ್ನೆರಡು ಮೈಲಿಯೊಳಗೆ ದೊರೆಯುವುದು.

ವಿಶ್ವವಿದ್ಯಾನಿಲಯವು ೧೯೧೬ರ ಜುಲೈ ೨೭ರಂದು ಸ್ಥಾಪಿತವಾದಾಗ ಈ ವಿಚಾರಕ್ಕೆ ನೆಲೆಯಾದ ಒಂದು ಮನೆ ದೊರೆಯಿತು. ಅದರ ಯೋಜನೆಯೇ ಪ್ರಪಂಚವನ್ನು ನೋಡಿ ಬಂದವರ ಕೈಯಲ್ಲಿ ರೂಪುಗೊಂಡಿತು. ಸಿ. ಆರ್. ರೆಡ್ಡಿಯವರೂ ಥಾಮಸ್ ಡೆನ್‌ಹ್ಯಾಮರೂ ಇಂಗ್ಲೆಂಡು, ಅಮೆರಿಕ, ಆಸ್ಟ್ರೇಲಿಯಗಳ ವಿಶ್ವವಿದ್ಯಾನಿಲಯಗಳ ಕ್ರಮವನ್ನು ಪರಿಶೀಲಿಸಿ ಕೊಟ್ಟ ವರದಿಗಳು ಅದಕ್ಕೆ ಆಧಾರವಾದುವು. ರೆಡ್ಡಿಯವರು ಸ್ವತಃ ಸರ್ಕಾರದ ವಿದ್ಯಾರ್ಥಿವೇತನದಿಂದ ಕೇಂಬ್ರಿಜ್ಜಿನಲ್ಲಿ ಓದಿದವರು. ಅಲ್ಲಿನ ವಿದ್ಯಾರ್ಥಿಗಳ ಪ್ರಸಿದ್ಧ ಚರ್ಚಾಸಂಘಕ್ಕೆ ಉಪಾಧ್ಯಕ್ಷರಾಗಿ ಆರಿಸಿ ಬಂದ ಮೊದಲನೆಯ ಭಾರತೀಯರು. ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿಯೂ ಪ್ರಿನ್ಸಿಪಾಲರಾಗಿಯೂ ಇದ್ದ ಅವರು ವಿದ್ಯಾರ್ಥಿವೇತನವನ್ನು ಸ್ವಂತದ ಏಳಿಗೆಗೆ ಮಾತ್ರ ಮೀಸಲಿಡದೆ, ತಾವು ಕಂಡುದನ್ನು ಮತ್ತೊಂದು ತಲೆಮಾರಿಗೆ ಒಪ್ಪಿಸಿದರು. ವಿದ್ಯಾರ್ಥಿವೇತನದ ಋಣವು ತೀರುವ ಬಗೆ ಇದೇ.

೧೯೨೧ರಿಂದ ೧೯೩೦ರವರೆಗೆ ಉಪಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಸೀಲರು ೧೯೧೧ರ ಜುಲೈಯಲ್ಲಿ ಲಂಡನ್ನಿನಲ್ಲಿ ನೆರೆದ ಸರ್ವಜನಾಂಗ ಮಹಾಸಭೆಯ ಮೊದಲನೆಯ ಪ್ರಬಂಧವನ್ನು ಮಂಡಿಸಿದವರು. ಜನಾಂಗ, ಕುಲ, ರಾಷ್ಟ್ರ ಎಂಬ ಮಾತುಗಳಿಗೆ ಅರ್ಥವೇನೆಂಬುದೇ ಆ ಪ್ರಬಂಧದ ವಿಷಯ. ಮೂರು ವರ್ಷಗಳಲ್ಲಿ ಮಹಾಯುದ್ಧದಲ್ಲಿ ಮುಳುಗಲಿದ್ದ ಯೂರೋಪಿನ ನಡುವೆ ನಿಂತು ಭಾರತೀಯ ತತ್ತ್ವಜ್ಞರೊಬ್ಬರು ಆ ಪ್ರಶ್ನೆಯನ್ನು ಎತ್ತಿದರೆಂಬುದು ಸಾಮಾನ್ಯ ಸಂಗತಿಯಲ್ಲ. ೧೯೧೮ರಿಂದ ೧೯೨೧ರವರೆಗೆ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ ಸರ್ವೇಪಲ್ಲಿ ರಾಧಾಕೃಷ್ಣನ್ನರು ಮುಂದೆ ಸರ್ವರಾಷ್ಟ್ರ ಸಂಘದ ಬೌದ್ಧಿಕ ಸಹಕಾರ ಸಮಿತಿಯಲ್ಲಿ ಸದಸ್ಯರಾದರು. ೧೯೪೯ರಿಂದ ೧೯೫೨ರವರೆಗೆ ಮಾಸ್ಕೋದಲ್ಲಿ ಭಾರತದ ರಾಯಭಾರಿಗಳಾದರು. ಮೈಸೂರಿನ ತರಗತಿಯಲ್ಲಿ ಅವರು ಉಪದೇಶಿಸಿದುದು ರಾಜತಂತ್ರವನ್ನಲ್ಲ, ದರ್ಶನಗಳನ್ನು. ಆದರೂ ಎದುರಾಳಿಯ ಮತವನ್ನು ಪೂರ್ವಪಕ್ಷವಾಗಿ ನ್ಯಾಯವಾಗಿ ನಿರೂಪಿಸಿ, ಆಮೇಲೆ ಸಿದ್ಧಾಂತವನ್ನು ಹೇಳುವ ಶಿಕ್ಷಣವು ರಾಯಭಾರಿಗೆ ಬೇಕಾದ ಮೊದಲನೆಯ ಗುಣವನ್ನೇ ಕೊಡುವುದಲ್ಲವೆ?

೧೯೪೭ರ ಆಗಸ್ಟ್ ತಿಂಗಳಲ್ಲಿ ಜಯಚಾಮರಾಜ ಒಡೆಯರವರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಮಾಡಿ, ರಕ್ಷಣೆ, ವಿದೇಶಾಂಗ, ಸಂಪರ್ಕ ಎಂಬ ಮೂರು ವಿಷಯಗಳನ್ನು ಒಪ್ಪಿಸಿದರು. ೧೭೯೯ರಲ್ಲಿ ಕಳೆದುಹೋದ ಅಧಿಕಾರವನ್ನು ೧೯೪೭ರಲ್ಲಿ ಮತ್ತೆ ಬಿಟ್ಟುಕೊಟ್ಟಂತೆ ಮೇಲುನೋಟಕ್ಕೆ ತೋರುವುದು. ಆದರೆ ಭೇದವು ದೊಡ್ಡದು. ಹಿಂದೆ ಅದನ್ನು ಕಸಿದುಕೊಂಡವರು ಪರರು. ಈಗ ಅದನ್ನು ಪಡೆದ ಸರ್ಕಾರದಲ್ಲಿ ಮೈಸೂರಿನ ಪ್ರಜೆಯೂ ಪಾಲುಗಾರ. ಆಗ ದಿವಾನರಾಗಿದ್ದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು ೧೯೪೫ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸಮ್ಮೇಳನದಲ್ಲಿ ಭಾರತದ ನಿಯೋಗಕ್ಕೆ ನಾಯಕರಾಗಿದ್ದವರು. ೧೯೪೬ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಲಿಯ ಪ್ರಥಮಾಧ್ಯಕ್ಷರು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಪ್ರಶ್ನೆಯು ಪ್ಯಾರಿಸಿನಲ್ಲಿ ಭದ್ರತಾ ಮಂಡಲಿಯ ಮುಂದೆ ಬಂದಾಗ ಭಾರತದ ಪರವಾಗಿ ನಿಂತವರೂ ಅವರೇ. ಬೀದರ, ಕಲಬುರಗಿ, ರಾಯಚೂರುಗಳ ಕನ್ನಡಿಗರ ಭವಿಷ್ಯವು ಆ ಪ್ರಶ್ನೆಯೊಳಗೆ ಅಡಗಿತ್ತು. ಆದರೆ ಇದೇ ದಿವಾನರ ಸರ್ಕಾರಕ್ಕೆ ಎದುರಾಗಿ ೧೯೪೭ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿಯು ಎದ್ದು, ಜವಾಬ್ದಾರಿ ಸರ್ಕಾರವು ಬರುವವರೆಗೂ ನಿಲ್ಲಲಿಲ್ಲ. ಲೋಕದ ಸಭೆಗಳಲ್ಲಿ ಮನ್ನಣೆ ಪಡೆದವರಿಗೂ ಮನೆಯ ಅಂಗಳದ ಕೂಗನ್ನು ಕೇಳಬೇಕಾದ ಕರ್ತವ್ಯವು ತಪ್ಪದು ಎಂಬ ಪಾಠವೂ ಆ ಕಾಲದ ಚರಿತ್ರೆಯಲ್ಲಿದೆ.

ಕಡಲ ಕರೆಯ ಮಂಗಳೂರಿನಿಂದಲೂ ಇಂತಹವರೊಬ್ಬರು ಹೊರಟರು. ಬೆನೆಗಲ್ ನರಸಿಂಗರಾಯರು ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಓದಿದವರು. ೧೯೫೦ರ ಜೂನ್ ತಿಂಗಳಲ್ಲಿ ಭದ್ರತಾ ಮಂಡಲಿಯ ಅಧ್ಯಕ್ಷ ಸ್ಥಾನವು ಸರದಿಯಂತೆ ಭಾರತಕ್ಕೆ ಬಂದು, ರಾಯರು ಆ ಪೀಠದಲ್ಲಿದ್ದಾಗಲೇ ಕೊರಿಯಾದ ಯುದ್ಧವು ಸಿಡಿಯಿತು. ಜೂನ್ ೨೫ರ ನಿರ್ಣಯಕ್ಕೆ ಅವರು ಮತವಿತ್ತರು. ದಕ್ಷಿಣ ಕೊರಿಯಾಕ್ಕೆ ನೆರವು ಕೊಡಬೇಕೆಂಬ ೨೭ರ ನಿರ್ಣಯವು ಬಂದಾಗ ದೆಹಲಿಯ ಆದೇಶವು ಸಕಾಲಕ್ಕೆ ಕೈಸೇರದಿದ್ದುದರಿಂದ ಮತದಾನದಲ್ಲಿ ಭಾಗವಹಿಸಲಿಲ್ಲ. ಎರಡು ದಿನಗಳ ತರುವಾಯ ಭಾರತವು ಅದನ್ನೂ ಒಪ್ಪಿದುದಾಗಿ ತಿಳಿಸಿತು. ಕೌಟಿಲ್ಯನು ದೂತರನ್ನು ನಿಸೃಷ್ಟಾರ್ಥ, ಪರಿಮಿತಾರ್ಥ, ಶಾಸನಹರ ಎಂದು ಮೂರು ಬಗೆಯಾಗಿ ವಿಂಗಡಿಸಿರುವನು: ಪೂರ್ಣಾಧಿಕಾರವುಳ್ಳವನು, ಮಿತವಾದ ಅಧಿಕಾರವುಳ್ಳವನು, ಒಡೆಯನ ಪತ್ರವನ್ನು ಮುಟ್ಟಿಸುವವನು. ರಾಯರಂತಹ ಮೇಧಾವಿಯೂ ಆ ದಿನ ಪರಿಮಿತಾರ್ಥನ ಎಲ್ಲೆಯನ್ನು ಮೀರಲಿಲ್ಲ. ಬುದ್ಧಿಯು ಎಷ್ಟೇ ಇರಲಿ, ಯಾರ ಪರವಾಗಿ ಮಾತನಾಡುತ್ತಿರುವೆನೆಂಬುದನ್ನು ಮರೆಯದಿರುವುದೇ ದೂತಧರ್ಮ. ವಿಚಾರಗೋಷ್ಠಿಯ ತರುಣನಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸಪಾಠವನ್ನು ಕೊಡುವುದು ಕಷ್ಟ: ಆದೇಶವು ಬಂದಿಲ್ಲ, ಗಂಟೆಯು ನಿಲ್ಲುವುದಿಲ್ಲ, ಅಧ್ಯಕ್ಷ ಪೀಠದಲ್ಲಿ ನೀನಿರುವೆ, ಏನು ಮಾಡುವೆ?

ಜ್ಞಾನಿಗಳೂ ಎಡವುವರೆಂಬುದನ್ನು ತಿಳಿಯಲು ಮೈಸೂರಿನ ಇನ್ನೊಬ್ಬ ಉಪಕುಲಪತಿಗಳ ಚರಿತ್ರೆಯನ್ನು ನೋಡಬೇಕು. ಸರ್ದಾರ್ ಕಾ. ಮಾ. ಪಣಿಕ್ಕರರು ೧೯೪೮ರಿಂದ ೧೯೫೨ರವರೆಗೆ ಚೀನದಲ್ಲಿ ರಾಯಭಾರಿಗಳಾಗಿದ್ದರು. ಅಮೆರಿಕದ ಸೈನ್ಯವು ಕೊರಿಯಾದ ೩೮ನೆಯ ಅಕ್ಷಾಂಶವನ್ನು ದಾಟಿದರೆ ಚೀನವು ಯುದ್ಧಕ್ಕೆ ಇಳಿಯುವುದೆಂದು ಚೌ ಎನ್‌ಲಾಯ್ ೧೯೫೦ರ ಅಕ್ಟೋಬರಿನ ಮೊದಲಲ್ಲಿ ನಡುರಾತ್ರಿಯಲ್ಲಿ ಅವರನ್ನು ಕರೆಯಿಸಿ ತಿಳಿಸಿದನು. ಅವರು ಮುಟ್ಟಿಸಿದ ಎಚ್ಚರಿಕೆಯನ್ನು ವಾಷಿಂಗ್ಟನ್ನಿನವರು ನಂಬಲಿಲ್ಲ. ಅದೇ ತಿಂಗಳಲ್ಲಿ ಆ ಎಚ್ಚರಿಕೆಯು ನಿಜವಾಯಿತು. ಆದರೆ ಅದೇ ವರ್ಷ ಚೀನದ ಸೈನ್ಯವು ಟಿಬೆಟ್ಟನ್ನು ಹೊಕ್ಕಾಗ ಪಣಿಕ್ಕರರು ಚೀನದ ನಡತೆಗೆ ಸಮಾಧಾನಗಳನ್ನು ಹುಡುಕುತ್ತಿರುವರೆಂದು ಸರ್ದಾರ್ ಪಟೇಲರು ೧೯೫೦ರ ನವೆಂಬರ್ ೭ರಂದು ನೆಹರೂರವರಿಗೆ ಬರೆದ ಪತ್ರದಲ್ಲಿ ಆಕ್ಷೇಪಿಸಿದರು. ಗಡಿಯ ಪ್ರಶ್ನೆಯನ್ನು ಆಗಲೇ ಎತ್ತಬೇಕಾಗಿತ್ತೆಂದು ಮುಂದಿನ ಚರಿತ್ರಕಾರರೂ ಅನೇಕರು ದೂರಿರುವರು. ೧೯೬೨ರಲ್ಲಿ ಯುದ್ಧವಾಯಿತು. ಅದರ ಮರುವರ್ಷ, ೧೯೬೩ರ ಡಿಸೆಂಬರ್ ೧೦ರಂದು, ಪಣಿಕ್ಕರರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗಲೇ ತೀರಿಕೊಂಡರು. ಒಂದೇ ವರ್ಷದಲ್ಲಿ ಒಬ್ಬನೇ ವಿದ್ವಾಂಸನು ಒಂದು ವಿಷಯದಲ್ಲಿ ಎಲ್ಲರಿಗಿಂತ ದೂರದೃಷ್ಟಿಯನ್ನೂ ಮತ್ತೊಂದು ವಿಷಯದಲ್ಲಿ ಆಕ್ಷೇಪಕ್ಕೆ ಆಸ್ಪದವನ್ನೂ ತೋರಿಸಬಹುದು. ಹೀಗಿರುವಲ್ಲಿ ಗೋಷ್ಠಿಗೆ ಬಂದ ಅನುಭವಿಗಳ ಮಾತನ್ನು ತರುಣರು ಗೌರವದಿಂದ ಕೇಳಬೇಕು. ಕೇಳಿ, ಪ್ರಶ್ನಿಸಲೂ ಬೇಕು.

ಟಿಬೆಟ್ಟಿನ ಪ್ರಶ್ನೆಯು ಮೈಸೂರಿಗೆ ಪುಸ್ತಕದ ಪ್ರಶ್ನೆಯಾಗಿ ಉಳಿಯಲಿಲ್ಲ. ೧೯೫೯ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದ ತರುವಾಯ, ೧೯೬೦-೬೧ರಲ್ಲಿ ಇದೇ ಜಿಲ್ಲೆಯ ಬೈಲಕುಪ್ಪೆಯಲ್ಲಿ ಸುಮಾರು ೩೦೦೦ ಎಕರೆ ನೆಲವು ನಿರಾಶ್ರಿತರಿಗೆ ದೊರೆಯಿತು. ಕಾಡು ಕಡಿದು ಅವರು ಜೋಳ ಬೆಳೆದರು, ವಿಹಾರಗಳನ್ನು ಕಟ್ಟಿದರು. ಲಾಸಾದಲ್ಲಿ ನಡೆದುದರ ಫಲವನ್ನು ಪಿರಿಯಾಪಟ್ಟಣದ ಸಂತೆಯಲ್ಲಿ ಕಾಣಬಹುದಾಯಿತು. ಪರರಾಷ್ಟ್ರ ನೀತಿಯು ದೆಹಲಿಯ ವಿಷಯವೆಂದು ಹೇಳುವವರು ಬೈಲಕುಪ್ಪೆಯ ದಾರಿಯನ್ನು ಒಮ್ಮೆ ಹಿಡಿದರೆ ಸಾಕು. ೨೦೨೨ರ ಮಾರ್ಚ್ ೧ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಕರ್ನಾಟಕದ ವೈದ್ಯವಿದ್ಯಾರ್ಥಿಯೊಬ್ಬನು ಶೆಲ್ಲಿನ ದಾಳಿಗೆ ಬಲಿಯಾದಾಗ, ದೂರದ ಯುದ್ಧವು ಕನ್ನಡದ ಹಳ್ಳಿಯ ಮನೆಯೊಂದರ ಹೊಸ್ತಿಲನ್ನು ತುಳಿಯಿತು. ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಓದಲು ಕಳುಹಿಸಿರುವ ಪ್ರತಿಯೊಂದು ಸಂಸಾರಕ್ಕೂ ಇಂದು ಒಂದು ಪರರಾಷ್ಟ್ರ ನೀತಿಯ ಚಿಂತೆ ಇದ್ದೇ ಇದೆ.

ಇನ್ನು ವಿದ್ಯಾರ್ಥಿವೇತನಗಳ ಮಾತು. ಭಾರತ ಅಮೆರಿಕಗಳ ನಡುವೆ ಫುಲ್‌ಬ್ರೈಟ್ ಒಪ್ಪಂದವು ೧೯೫೦ರ ಫೆಬ್ರವರಿ ೨ರಂದು ಆಯಿತು. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಯೋಜನೆಯು ೧೯೫೯ರಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನದಲ್ಲಿ ರೂಪುಗೊಂಡಿತು. ಮೈಸೂರಿನಲ್ಲಿ ಹುಟ್ಟಿ ಮಹಾರಾಜಾ ಕಾಲೇಜಿನಲ್ಲಿ ಓದಿದ ಎ. ಕೆ. ರಾಮಾನುಜನ್ನರು ೧೯೫೯ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಕನ್ನಡದ ವಚನಗಳನ್ನು ಇಂಗ್ಲಿಷಿನ ಓದುಗರಿಗೆ ಮುಟ್ಟಿಸಿದರು. ಅದೇ ಕಾಲೇಜಿನ ಯು. ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವೇತನದಿಂದ ಬರ್ಮಿಂಗ್‌ಹ್ಯಾಮಿನಲ್ಲಿ ಓದಿ ೧೯೬೬ರಲ್ಲಿ ಡಾಕ್ಟರೇಟ್ ಪಡೆದರು. ‘ಸಂಸ್ಕಾರ’ವನ್ನು ಬರೆದುದು ಅಲ್ಲಿದ್ದಾಗಲೇ. ಒಬ್ಬರು ಕನ್ನಡವನ್ನು ಹೊರಗೊಯ್ದರು. ಮತ್ತೊಬ್ಬರು ಹೊರಗೆ ನಿಂತು ತಮ್ಮ ನಾಡನ್ನು ಮತ್ತೆ ನೋಡಿದರು. ವೇತನವನ್ನು ಕೊಡುವ ದೇಶಕ್ಕೆ ಅದರಿಂದ ತನ್ನ ಪ್ರಯೋಜನವೂ ಉಂಟೆಂಬುದನ್ನು ಮರೆಮಾಚಬೇಕಾಗಿಲ್ಲ. ಸಾಮ, ದಾನ, ಭೇದ, ದಂಡಗಳೆಂಬ ನಾಲ್ಕು ಉಪಾಯಗಳಲ್ಲಿ ವಿದ್ಯಾರ್ಥಿವೇತನವು ಸಾಮದೊಡನೆ ಕೂಡಿದ ದಾನ. ದಾನವನ್ನು ಪಡೆದವನಿಗೆ ಕೃತಜ್ಞತೆಯು ಸಹಜ. ಆದರೆ ಕೃತಜ್ಞತೆಯು ವಿವೇಕವನ್ನು ನುಂಗಬಾರದು. ೨೦೦೮ರ ಹೊಸ ಒಪ್ಪಂದದಿಂದ ಫುಲ್‌ಬ್ರೈಟ್ ಯೋಜನೆಯ ವೆಚ್ಚದಲ್ಲಿ ಭಾರತವು ಸಮಭಾಗಿಯಾಗಿ, ಅದರ ಹೆಸರಿಗೆ ನೆಹರೂರವರ ಹೆಸರೂ ಸೇರಿತು. ದಾನವು ಸಖ್ಯವಾಗಿ ಮಾರ್ಪಟ್ಟುದಕ್ಕೆ ಇದು ಗುರುತು.

ಇಷ್ಟೆಲ್ಲ ಇದ್ದರೂ ಒಂದು ಕೊರತೆಯನ್ನು ಹೇಳದಿರಲಾಗದು. ಈ ಗೋಷ್ಠಿಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆದು, ಸಭಾಂಗಣದ ಬಾಗಿಲು ಮುಚ್ಚಿದೊಡನೆ ಮುಗಿದುಹೋಗುವುವು. ಭಾಷೆಯು ಒದಗದೆಂಬುದು ಇದಕ್ಕೆ ಕಾರಣವಲ್ಲ. ಸಂಧಿ, ವಿಗ್ರಹ, ಮಧ್ಯಮ, ಮಂಡಲ ಎಲ್ಲವೂ ಕನ್ನಡದಲ್ಲಿ ಬೇರೂರಿದ ಮಾತುಗಳೇ. ಬಳಕೆಯು ತಪ್ಪಿದರೆ ಮಾತಿನ ಅರ್ಥವೇ ಇಳಿದುಹೋಗುವುದೆಂಬುದಕ್ಕೆ ‘ಉದಾಸೀನ’ ಎಂಬ ಪದವೇ ಸಾಕ್ಷಿ. ಆಡುಮಾತಿನಲ್ಲಿ ಅದಕ್ಕೆ ಅಲಕ್ಷ್ಯವೆಂದು ಅರ್ಥವಾಗಿದೆ. ಕೌಟಿಲ್ಯನ ಉದಾಸೀನನಾದರೋ ಯಾವ ಪಕ್ಷಕ್ಕೂ ಸೇರದೆ, ಯಾರಿಗೆ ಬೇಕಾದರೂ ನೆರವಾಗಬಲ್ಲ, ಯಾರನ್ನು ಬೇಕಾದರೂ ತಡೆಯಬಲ್ಲ ಪ್ರಬಲನು. ಸ್ವತಂತ್ರ ಭಾರತವು ಹಿಡಿದ ಅಲಿಪ್ತ ನೀತಿಯನ್ನು ಹಲವರು ಮೊದಲನೆಯ ಅರ್ಥದಲ್ಲಿ ಗ್ರಹಿಸಿ ಹಳಿದರು. ಎರಡನೆಯ ಅರ್ಥದಲ್ಲಿ ಗ್ರಹಿಸಿದ್ದರೆ, ಅಷ್ಟು ಬಲವು ದೇಶಕ್ಕೆ ಇತ್ತೆ ಎಂಬ ಸರಿಯಾದ ಪ್ರಶ್ನೆಯನ್ನು ಕೇಳುತ್ತಿದ್ದರು. ಮಾತು ಸರಿಯಾದರೆ ಪ್ರಶ್ನೆಯೂ ಸರಿಯಾಗುವುದು. ಜ್ಞಾನವನ್ನು ಊರೂರಿಗೆ ಒಯ್ಯಬೇಕೆಂಬುದು ವಿಶ್ವವಿದ್ಯಾನಿಲಯದ ಹಳೆಯ ಸಂಕಲ್ಪ. ಅದರ ಅಧ್ಯಾಪಕರು ಹಳ್ಳಿಪಟ್ಟಣಗಳಿಗೆ ಹೋಗಿ ಕನ್ನಡದಲ್ಲಿ ಮಾತನಾಡಿದರು. ಆ ಉಪನ್ಯಾಸಗಳು ‘ಪ್ರಚಾರೋಪನ್ಯಾಸ ಮಾಲೆ’ಯ ಚಿಕ್ಕ ಪುಸ್ತಕಗಳಾಗಿ ಮನೆಮನೆಯನ್ನು ಸೇರಿದುವು. ವೇತನ ಪಡೆದು ಬಂದ ಪ್ರತಿಯೊಬ್ಬ ವಿದ್ವಾಂಸನೂ ಹಿಂದಿರುಗಿದ ವರ್ಷದಲ್ಲಿ 
ಒಂದು ತಾಲ್ಲೂಕಿನಲ್ಲಾದರೂ ಕನ್ನಡದಲ್ಲಿ ತಾನು ಕಂಡುದನ್ನು ಹೇಳುವ ನಿಯಮವಾದರೆ, ಆ ಮಾಲೆಗೆ ಹೊಸ ಹೂಗಳು ಕೂಡುವುವು.

ಮಂತ್ರಾಲೋಚನೆಯ ಪ್ರಕರಣದಲ್ಲಿ ಕೌಟಿಲ್ಯನು ಯಾರನ್ನೂ ಕಡೆಗಣಿಸದೆ ಎಲ್ಲರ ಅಭಿಪ್ರಾಯವನ್ನೂ ಕೇಳಬೇಕೆಂದೂ, ಬಾಲಕನಾಡಿದ ಮಾತಾದರೂ ಅರ್ಥವತ್ತಾಗಿದ್ದರೆ ಅದನ್ನು ಬಳಸಿಕೊಳ್ಳಬೇಕೆಂದೂ ವಿಧಿಸುವನು. ಎರಡೇ ಕಣ್ಣುಳ್ಳ ಇಂದ್ರನಿಗೆ ಸಹಸ್ರಾಕ್ಷನೆಂಬ ಹೆಸರು ಬಂದುದು ಅವನ ಪರಿಷತ್ತಿನಲ್ಲಿದ್ದ ಸಾವಿರ ಋಷಿಗಳಿಂದ ಎಂದೂ ಹೇಳುವನು. ಪ್ರಜೆಗಳೇ ಒಡೆಯರಾಗಿರುವ ರಾಜ್ಯದಲ್ಲಿ ಆ ಕಣ್ಣುಗಳು ದೆಹಲಿಯಲ್ಲಿ ಮಾತ್ರ ಇದ್ದರೆ ಸಾಲದು. ಅಧಿಕಾರವಿಲ್ಲದ ಕಾಲದಲ್ಲಿ ವಿಚಾರವನ್ನು ಬಿಡದೆ ಕಾಪಾಡಿದುದರಿಂದಲೇ, ಅಧಿಕಾರವು ಬಂದ ದಿನ ಅದನ್ನು ಹೊರಬಲ್ಲವರ ಪರಂಪರೆಯಲ್ಲಿ ಮೈಸೂರಿಗೂ ಒಂದು ಸ್ಥಾನವು ದೊರೆಯಿತು. ಇಂದಿನ ತರುಣರ ಗೋಷ್ಠಿಗಳನ್ನು ನೋಡಿ ನಗುವ ಹಿರಿಯರು ಈ ಚರಿತ್ರೆಯನ್ನು ಒಮ್ಮೆ ನೆನೆದು, ಮುಂದಿನ ಗೋಷ್ಠಿಯಲ್ಲಿ ತಾವೂ ಹೋಗಿ ಕುಳಿತರೆ ಉಭಯರಿಗೂ ಹಿತವಾಗುವುದು.